ಚೋರ್ಲಾ ಘಟ್ಟ ಇಳಿಯುವಾಗ ಬ್ರೇಕ್ ಕೈಕೊಟ್ಟಿತು. ಮುಂದಿನ ತಿಂಗಳು ಮೊದಲ ಟ್ರ್ಯಾಕ್ ದಿನ

ಖಾನಾಪುರ ರಸ್ತೆ
ಮೂರು ವಾರದಿಂದ ತಲೆ ಕೆಟ್ಟುಹೋಗಿದೆ. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ಗಾಡಿ ಓಡಿಸಲು ಹೆಸರು ಕೊಟ್ಟು ಹಣವನ್ನೂ ಕಟ್ಟಿದ್ದೇನೆ. ಕೈ ಪಳಗಲಿ ಎಂದು ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಟ್ಟ ಇಳಿದೆ. ಅರ್ಧ ಇಳಿಯುವಷ್ಟರಲ್ಲಿ ಬ್ರೇಕ್ ಕೈಕೊಟ್ಟಿತು. ಪ್ಯಾಡ್ ಹೊಸದು, ಟೈರ್ ಹೊಸದು. ಇನ್ನೇನು ಬದಲಾಯಿಸಲಿ?

ಮೂರನೇ ಗೇರ್
ಯಾವ ಗಾಡಿ ಎಂದೇ ಬರೆದಿಲ್ಲ. ಏನೇ ಇರಲಿ, ಇದು ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಭಾಗ. ಒಳಗಿನ ರಬ್ಬರ್ ಹೋಗಿದೆ. ನನ್ನ ಗಾಡಿಯಲ್ಲೂ ಹೀಗೇ ಆಗಿತ್ತು.

ಖಾನಾಪುರ ರಸ್ತೆ
ಪೋಲೊ 1.0 ಟಿಎಸ್‌ಐ, 2020ರದು, ಮ್ಯಾನುಯಲ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ದಿನಾ ಕೆಲಸಕ್ಕೆ ಹೋಗುವುದೂ ಇದರಲ್ಲೇ.

ಉದ್ಯಮಬಾಗ ಕಾಕಾ
ತಮ್ಮಾ, ‘ಕೈಕೊಟ್ಟಿತು’ ಎಂದರೆ ಏನೂ ತಿಳಿಯುವುದಿಲ್ಲ. ಪೆಡಲ್ ಸ್ಪಂಜಿನಂತೆ ಒಳಗೆ ಹೋಯಿತೋ ಅಥವಾ ಕಲ್ಲಿನಂತೆ ಗಟ್ಟಿಯಾಗಿದ್ದೂ ಗಾಡಿ ನಿಲ್ಲಲಿಲ್ಲವೋ? ಗಟ್ಟಿಯಿದ್ದರೆ ಪ್ಯಾಡ್ ಕಾದು ಹಿಡಿತ ಬಿಟ್ಟಿದೆ. ಮೆತ್ತಗಾಗಿದ್ದರೆ ಬ್ರೇಕ್ ಆಯಿಲ್ ಕುದಿದಿದೆ. ಎರಡಕ್ಕೂ ಮದ್ದು ಬೇರೆ.

ಮೂರನೇ ಗೇರ್
ಮೆತ್ತಗಾದರೆ ಮಾಸ್ಟರ್ ಸಿಲಿಂಡರೇ. ಸುಮ್ಮನೆ ದಿನ ಕಳೆಯಬೇಡಿ, ಬದಲಾಯಿಸಿ.

ಖಾನಾಪುರ ರಸ್ತೆ
ಮೆತ್ತಗಾಯಿತು, ಕಾಕಾ. ಎರಡು ಮೂರು ಸಲ ತುಳಿದರೆ ಸ್ವಲ್ಪ ಗಟ್ಟಿಯಾಗುತ್ತಿತ್ತು. ಮರುದಿನ ಬೆಳಿಗ್ಗೆ ಏನೂ ಆಗಿಲ್ಲವೆಂಬಂತೆ ಸರಿಯಾಗಿತ್ತು.

ಉದ್ಯಮಬಾಗ ಕಾಕಾ
ಇದನ್ನು ಮೊದಲೇ ಹೇಳಬೇಕಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ನೀನು ತುಳಿದ ಬಲವೆಲ್ಲ ಆ ಗುಳ್ಳೆಯನ್ನು ಅಮುಕುವುದಕ್ಕೇ ಹೋಗುತ್ತದೆ. ತಣಿದರೆ ಆವಿ ಮತ್ತೆ ದ್ರವವಾಗುತ್ತದೆ, ಬೆಳಿಗ್ಗೆ ಪೆಡಲ್ ಸರಿ. ಆಯಿಲ್ ಬದಲಾಯಿಸಿ ಎಷ್ಟು ವರ್ಷವಾಯಿತು?

ಇನ್ನೊಂದು ಮಾತು. ಘಟ್ಟ ಅಭ್ಯಾಸದ ಜಾಗವಲ್ಲ. ತಿರುವಿನಾಚೆ ಬಸ್ ಬರುತ್ತಿರುತ್ತದೆ. ಟ್ರ್ಯಾಕಿನಲ್ಲಿ ತಪ್ಪಿದರೆ ಬದಿಯ ಮಣ್ಣಿಗೆ ಇಳಿಯಬಹುದು, ಘಟ್ಟದಲ್ಲಿ ತಪ್ಪಿದರೆ ಕಣಿವೆ.

ಖಾನಾಪುರ ರಸ್ತೆ
ಗಾಡಿ ಕೊಂಡಾಗಿನಿಂದ ಬದಲಾಯಿಸಿಲ್ಲ. ಪ್ಯಾಡ್ ಹಾಕಿದವರೂ ಅದರ ಮಾತೆತ್ತಲಿಲ್ಲ. ಘಟ್ಟದ ವಿಷಯ ಒಪ್ಪಿದೆ, ಮತ್ತೆ ಹಾಗೆ ಮಾಡುವುದಿಲ್ಲ.

ಮೂರನೇ ಗೇರ್
ಆಯಿಲ್ ಹಳೆಯದಾದರೂ ಸಿಲಿಂಡರ್ ನೋಡಲೇಬೇಕು.

ಉದ್ಯಮಬಾಗ ಕಾಕಾ
ನೋಡಲಿ, ಬೇಡವೆಂದವರು ಯಾರು? ಇಂಜಿನ್ ಚಾಲೂ ಇಟ್ಟು ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿಯಲಿ. ನಿಧಾನವಾಗಿ ಕೆಳಗಿಳಿದರೆ ನಿಮ್ಮ ಮಾತು ನಿಜ. ನಿಂತಲ್ಲೇ ನಿಂತರೆ ಸಿಲಿಂಡರಿಗೆ ಹಣ ಸುರಿಯುವುದು ಬೇಡ.

ಕಿತ್ತೂರು ಟರ್ಬೊ
ಟೈರಿಗೆ ನೈಟ್ರೋಜನ್ ತುಂಬಿಸಿದ್ದೀರಾ? ಟ್ರ್ಯಾಕಿಗೆ ಅದಿಲ್ಲದೆ ಹೋಗಲೇಬಾರದು.

ಮೂರನೇ ಗೇರ್
ಸಾಮಾನ್ಯ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ. ಬಿಸಿಯಾದಾಗ ಒತ್ತಡ ಏರುತ್ತದೆ. ಪ್ರತಿ ಸುತ್ತಾಟದ ನಂತರ ಅಳೆದು ಇಳಿಸಿದರೆ ಸಾಕು.

ಕಿತ್ತೂರು ಟರ್ಬೊ
ಅಳೆಯುವುದಕ್ಕೆ ಒಳ್ಳೆಯ ಗೇಜ್ ಬೇಕಲ್ಲ. ನನ್ನ ಮನೆಯ ಹಿತ್ತಿಲಿನಲ್ಲೇ ಕಂಪ್ರೆಸರ್, ಮೂರು ಟನ್ನಿನ ಜ್ಯಾಕ್, ಟಾರ್ಕ್ ರೆಂಚ್ ಎಲ್ಲ ಇವೆ. ಕಳೆದ ವಾರ ನಾಲ್ಕು ಅಲಾಯ್ ಚಕ್ರ ಹೊಸದು ತಂದೆ, ಒಂದೊಂದೂ ಮೊದಲಿನದಕ್ಕಿಂತ ಎರಡು ಕಿಲೊ ಹಗುರ.

ಉದ್ಯಮಬಾಗ ಕಾಕಾ
ಚಕ್ರದ ಮಾತು ಬೇರೆ ಕಡೆ ಆಡೋಣ. ಹುಡುಗನ ಬ್ರೇಕ್ ಇನ್ನೂ ಸರಿಯಾಗಿಲ್ಲ.

ಖಾನಾಪುರ ರಸ್ತೆ
ಪೆಡಲ್ ಒತ್ತಿ ಹಿಡಿದೆ, ನಿಂತಲ್ಲೇ ನಿಂತಿತು. ಭಾನುವಾರ ತಮ್ಮನನ್ನು ಪೆಡಲ್ ತುಳಿಯಲು ಕೂರಿಸಿ, ಒಂದೊಂದೇ ಚಕ್ರದಿಂದ ಹಳೆಯ ಆಯಿಲ್ ತೆಗೆದು ಹೊಸದು ತುಂಬಿದೆ. ಬಾಟಲಿಗೆ ಇಳಿದದ್ದು ಬೆಲ್ಲದ ಚಹಾದ ಬಣ್ಣ! ಮೂರು ಚಕ್ರ ಮುಗಿದವು. ಹಿಂದಿನ ಎಡ ಚಕ್ರದ ನಿಪ್ಪಲ್ (ಆಯಿಲ್ ಹೊರಬಿಡುವ ತಿರುಪು) ಮಾತ್ರ ಜಪ್ಪಯ್ಯ ಎಂದರೂ ತಿರುಗುತ್ತಿಲ್ಲ.

ಉದ್ಯಮಬಾಗ ಕಾಕಾ
ಜೋರು ಮಾಡಬೇಡ, ಮುರಿದರೆ ಆ ಚಕ್ರದ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರನ್ನೇ ಬದಲಾಯಿಸಬೇಕಾಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡು. ಬೆಳಿಗ್ಗೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟು. ಆಮೇಲೆ ಆರು ಮೂಲೆಯ ಸ್ಪ್ಯಾನರ್ ಹಾಕಿ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ ನಂತರ ಸಡಿಲಿಸು. ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಆಯಿಲ್ ತಳ ಮುಟ್ಟದಂತೆ ನೋಡಿಕೋ, ಗಾಳಿ ಸೇರಿದರೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಖಾನಾಪುರ ರಸ್ತೆ
ತಿರುಗಿತು, ಕಾಕಾ! ಆ ಚಕ್ರದಿಂದ ಬಂದದ್ದು ಉಳಿದ ಮೂರಕ್ಕಿಂತ ಕಪ್ಪು. ಈಗ ಪೆಡಲ್ ಎತ್ತರದಲ್ಲೇ ಗಟ್ಟಿಯಾಗಿ ನಿಲ್ಲುತ್ತಿದೆ. ಟ್ರ್ಯಾಕಿಗೆಂದೇ ಬೇರೆ ಪ್ಯಾಡ್ ತರಿಸಲೇ?

ಉದ್ಯಮಬಾಗ ಕಾಕಾ
ಮೊದಲ ಸಲಕ್ಕೆ ಬೇಡ. ರೇಸಿನ ಪ್ಯಾಡ್ ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದಿಲ್ಲ. ಕೊಯಮತ್ತೂರಿನಿಂದ ಮನೆಗೆ ಬರುವುದೂ ಇದೇ ಗಾಡಿಯಲ್ಲಿ. ನಾಲ್ಕೈದು ಸುತ್ತು ಓಡಿಸಿ ಒಂದು ಸುತ್ತು ಬ್ರೇಕ್ ಮುಟ್ಟದೆ ನಿಧಾನವಾಗಿ ಬಂದು ತಣಿಸು. ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡು. ಗಾಡಿ ಕೆಟ್ಟು ನಿಂತರೆ ಎಳೆಯಲು ಬೇಕಾದ ಕೊಕ್ಕೆ ಸ್ಟೆಪ್ನಿಯ ಜಾಗದಲ್ಲಿ ಇದೆಯೇ, ನೋಡಿದೆಯಾ?