ಮಳಿಗಾಲದಾಗ ಹಳೆ ಇಳಕಲ್ ಸೀರಿ, ಖಣ, ಶೇರವಾನಿ ತಂದು ಹೊಲಿಯೋದು: ಏನೇನು ನೋಡ್ಬೇಕು?

ದಡಿಸೆರಗು (ಕಲಬುರಗಿ)

ಪಾತ್ರಿ ಸಾಮಾನು ಕೊಟ್ಟು ಹಳೆ ಅರಿವಿ ತಗೊಳ್ಳೋರ ಹತ್ರ ಗಂಟು ಬಿಚ್ಚಿಸಿ ಮೂರು ನಗ ಆರಿಸಿ ತಂದೀನಿ.

ಒಂದು ಇಳಕಲ್ ಸೀರಿ. ಮೈ ಹತ್ತಿ, ಸೆರಗು ಕೆಂಪು ರೇಷ್ಮಿ, ಟೋಪ್ ತೆನಿ ಅಂದ್ರ ಕೆಂಪಿನ ಮ್ಯಾಲ ಬಿಳಿ ತೆನಿ ನಮೂನಿ. ಮಡಿಕಿ ಗೆರಿಗುಂಟ ಎರಡು ಕಡಿ ಸೀಳ್ಯದ. ಎರಡನೇದು ಗುಳೇದಗುಡ್ಡ ಖಣದ ಜಂಪರ್, ಎದಿ ಅಳತಿ 3 ಇಂಚು ಕಮ್ಮಿ ಬೀಳ್ತದ. ಮೂರನೇದು ಕಪ್ಪು ಶೇರವಾನಿ, ಹಿಮ್ರು (ಹತ್ತಿ ರೇಷ್ಮಿ ಕೂಡಿಸಿ ಹೂ ನೇಯ್ದ ಬಟ್ಟಿ) ಇದ್ದಂಗ ಕಾಣ್ತದ, ಒಳಗಿನ ಅಸ್ತರ್ ಪೂರಾ ಹರದದ.

ಸೀರಿಲಿಂದ ಹಳೆ ಪದ್ಧತಿ ಕಳಿದಾರ್ ಕುರ್ತಾ ಹೊಲಿಬೇಕಂತ ಅದ, ಎದಿ 36. ಕೇಳೋದು ಇಷ್ಟ: ಬಟ್ಟಿ ಗಟ್ಟಿ ಅದನೋ ಇಲ್ಲೋ ಕತ್ರಿ ಹಾಕೋ ಮೊದ್ಲೇ ಹ್ಯಾಂಗ ತಿಳೀತದ? ಬಿಸಿಲೇ ಇಲ್ಲ, ಬೂಜು ವಾಸನಿ ಹ್ಯಾಂಗ ತೆಗೀಬೇಕು? ಸೆರಗಿನ ರೇಷ್ಮಿ ತುಂಡಿನ ಮ್ಯಾಲ ಮಷೀನ್ ಹೊಲಿಗಿ ಬಿಟ್ಟು ಬಿಟ್ಟು ಬೀಳ್ತದ, ಸೂಜಿ ಹೊಸಾದೇ ಅದ. ಮತ್ತ ಈ ಮಳ್ಯಾಗ ಇನ್ನಾ ಹುಡುಕೋದು ಲಾಭ ಅದನೋ, ದೀಪಾವಳಿ ತನಕ ತಡಿಬೇಕೋ?

ಕಾಜಾಗುಂಡಿ (ಬೀದರ್)

ಕಣ್ಣಿಗೆ ಕಾಣುವ ಸೀಳಿಗೆ ಹೆದರಬೇಡಿ, ಅದನ್ನು ಬಿಟ್ಟು ಕತ್ತರಿಸಬಹುದು. ಇನ್ನೂ ಸೀಳದೆ, ನಾಳೆ ಸೀಳಲಿರುವ ಜಾಗವೇ ಮೋಸ ಮಾಡುವುದು. ಕಿಟಕಿಯ ಬೆಳಕಿಗೆ ಹಿಡಿದು ಜಾಳಾದ ಕಡೆಯೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ. ಆಮೇಲೆ ಎರಡೂ ಹೆಬ್ಬೆರಳು 2 ಇಂಚು ಅಂತರದಲ್ಲಿಟ್ಟು ಹಾಸಿನ ದಿಕ್ಕಿಗೆ ಒಮ್ಮೆ, ಹೊಕ್ಕಿನ ದಿಕ್ಕಿಗೆ ಒಮ್ಮೆ ಮೆಲ್ಲಗೆ ಎಳೆಯಿರಿ. ಚರ್ ಅಂತ ಸಣ್ಣ ಸದ್ದು ಬಂದರೆ ಆ ಭಾಗ ಕೌದಿಗೆ ಹೋಗಲಿ, ಕುರ್ತಾಕ್ಕೆ ಬೇಡ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟದ್ದರಿಂದ ಸೀಳಿದ್ದಾದರೆ ಗೆರೆಯ ಎರಡೂ ಬದಿ 3 ಇಂಚು ಬಿಟ್ಟುಬಿಡಿ.

ಕಳಿದಾರ್ ಆರಿಸಿದ್ದು ಸರಿಯಾಗಿದೆ. ಅದರಲ್ಲಿ ಬಗಲಿನ ಗುಂಡು ಕತ್ತರಿ ಇಲ್ಲ, ಎಲ್ಲಾ ನೇರ ಪಟ್ಟಿ, ಹಾಗಾಗಿ ಕೆಟ್ಟ ಭಾಗ ತಪ್ಪಿಸಿ ತುಂಡು ಹೊಂದಿಸುವುದು ಸುಲಭ. ಎದೆ 36ಕ್ಕೆ ಅಳತೆ ಹೀಗೆ, ಅರ್ಧ ಇಂಚು ಹೊಲಿಗೆ, 1 ಇಂಚು ಕೆಳಗಿನ ಮಡಿಕೆ ಸೇರಿಸಿ:

ನಡು ಪಟ್ಟಿ ಎರಡು, ಮುಂದೊಂದು ಹಿಂದೊಂದು, 15 × 43 ಇಂಚು. ಕಳಿ, ಅಂದರೆ ಪಕ್ಕಕ್ಕೆ ಸೇರಿಸುವ ಓರೆ ತುಂಡು, ನಾಲ್ಕು, ಮೇಲೆ 4, ಕೆಳಗೆ 11, ಉದ್ದ 36. ಇವನ್ನು ಒಂದೊಂದಾಗಿ ಕತ್ತರಿಸಬೇಡಿ. 15 × 36ರ ಒಂದು ಪಟ್ಟಿಯನ್ನು ಓರೆಯಾಗಿ ಸೀಳಿದರೆ ಎರಡು ಕಳಿ, ಚೂರೂ ವ್ಯರ್ಥವಿಲ್ಲ. ತೋಳು ಎರಡು, 15 × 18. ಬಗಲಿನ ಚೌಕ ಎರಡು, 4 × 4. ಕಳಿಯ ಮೇಲಿನ ಅಗಲವೂ ಬಗಲಿನ ಚೌಕದ ಬದಿಯೂ ಒಂದೇ ಇರಬೇಕು. ಒಂದನ್ನು ಬದಲಿಸಿದರೆ ಇನ್ನೊಂದನ್ನೂ ಬದಲಿಸಿ, ಇಲ್ಲದಿದ್ದರೆ ಮೂಲೆಯಲ್ಲಿ ಸುಕ್ಕು ಬಂದೇ ಬರುತ್ತದೆ. ಹೊಲಿದ ಮೇಲೆ ಎದೆಸುತ್ತು 40, ಕೆಳ ಘೇರು 68, ಉದ್ದ 41½ ಬರುತ್ತದೆ.

ಸೀರೆಯಲ್ಲಿ 45 ಇಂಚು ಅಗಲ ಪೂರ್ತಿ ಬಳಸಲು ಬಂದರೆ 2¼ ಗಜ ಸಾಕು. ದಡಿ ಬಿಚ್ಚಿ 38–40 ಉಳಿದರೆ ಅಡ್ಡಕ್ಕೆ ಎರಡೇ ಪಟ್ಟಿ ಕೂರುತ್ತವೆ, ಆಗ 2¾ ಗಜ ಬೇಕು. 6 ಗಜದ ಸೀರೆಯಲ್ಲಿ ಅಷ್ಟು ಗಟ್ಟಿ ಬಟ್ಟೆ ಸಿಗದಿದ್ದರೆ ಹಟ ಮಾಡಬೇಡಿ. 8–9 ಗಜದ ಹಳೆ ಸೀರೆಯಾದರೆ ಆರಾಮ.

ಜನ ತಪ್ಪುವುದು ಕಳಿ ಜೋಡಿಸುವಾಗ. ಕಳಿಗೆ ಒಂದು ಅಂಚು ನೇರ, ಒಂದು ಓರೆ. ಓರೆ ಅಂಚು ನಡು ಪಟ್ಟಿಯ ನೇರ ಅಂಚಿಗೆ ಬರಬೇಕು, ಪಕ್ಕದ ಹೊಲಿಗೆಯಲ್ಲಿ ನೇರಕ್ಕೆ ನೇರ. ಓರೆಗೆ ಓರೆ ಸೇರಿಸಿದರೆ ಪಕ್ಕ ಜೋತು ಬೀಳುತ್ತದೆ, ಹಳೆ ಬಟ್ಟೆಯಲ್ಲಂತೂ ಎರಡೇ ತೊಳೆತಕ್ಕೆ. ಕುರ್ತಾವನ್ನು ಒಂದು ರಾತ್ರಿ ನೇತುಹಾಕಿ, ಮಾರನೇ ದಿನ ಕೆಳಗಿನ ಅಂಚು ಸಮ ಮಾಡಿ ತುರ್ಪಾಯಿ ಹಾಕಿ.

ಶೇರವಾನಿ ಹಿಮ್ರು ಆಗಿದ್ದರೆ ಬಟ್ಟೆಯ ಹಿಂಬದಿಯಲ್ಲಿ ಹೂವಿನಿಂದ ಹೂವಿಗೆ ಹೋಗುವ ಸಡಿಲ ಎಳೆಗಳು ತೇಲುತ್ತಿರುತ್ತವೆ. ಅವನ್ನು ದಾರದ ಕಸ ಅಂದುಕೊಂಡು ಕತ್ತರಿಸಿದರೆ ಮುಂದಿನ ಹೂವೇ ಕಳಚಿಕೊಳ್ಳುತ್ತದೆ. ಅಸ್ತರ್ ಇರುವುದೇ ಆ ಎಳೆಗಳನ್ನು ಕಾಯಲು. ಹರಿದ ಅಸ್ತರ್ ಬಿಚ್ಚಿ, ಇಸ್ತ್ರಿ ಮಾಡಿ, ಅದನ್ನೇ ಅಳತೆ ಕಾಗದದಂತೆ ಬಳಸಿ ಹೊಸದು ಕತ್ತರಿಸಿ. ಬೆನ್ನಿನ ನಡುವೆ 1 ಇಂಚಿನ ಮಡಿಕೆ ಹೆಚ್ಚಿಗೆ ಬಿಡಿ. ಅದಿಲ್ಲದಿದ್ದರೆ ಕೈ ಮುಂದೆ ಚಾಚಿದಾಗಲೆಲ್ಲ ಭಾರ ಹಳೆ ಬಟ್ಟೆಯ ಮೇಲೆ ಬೀಳುತ್ತದೆ.

ಅಂಟವಾಳ (ಶಹಾಪುರ, ಯಾದಗಿರಿ)

ವಾಸನಿ ವಿಚಾರ. ಮನಿಗಿ ತಂದ ಕೂಡ್ಲೇ ಬ್ಯಾರೆ ಅರಿವಿ ಜೋಡಿ ಇಡಬ್ಯಾಡ್ರಿ, ಟ್ರಂಕಿನಾಗಂತೂ ಬ್ಯಾಡೇ ಬ್ಯಾಡ. ಬಿಳಿ ಪುಡಿ ಇದ್ದಂಗ ಬೂಜಿದ್ರ ಹೊರಗ ಪಡಸಾಲ್ಯಾಗ ಮೆತ್ತನ ಬ್ರಷ್‌ಲಿಂದ ಜಾಡಸ್ರಿ, ಬಾಯಿಗಿ ಬಟ್ಟಿ ಕಟ್ಕೊಂಡು. ಕರಿ ಚುಕ್ಕಿ ಆಗಿದ್ರ ಅದು ಎಳಿಯೊಳಗ ಇಳದದ, ಹೋಗಂಗಿಲ್ಲ. ಅದರ ಮ್ಯಾಲ ಇಸ್ತ್ರಿ ಇಟ್ರ ಕಲಿ ಇನ್ನಾ ಗಟ್ಟಿ ಕೂಡ್ತದ.

ತೊಳಿಯೋ ಮೊದ್ಲ ಬಣ್ಣ ನೋಡ್ರಿ. ಬಿಳಿ ಹತ್ತಿ ಬಟ್ಟಿ ಒದ್ದಿ ಮಾಡಿ ಸೆರಗಿನ ಮೂಲಿ ಮ್ಯಾಲ ಎರಡು ಮಿನಿಟ ಒತ್ತಿ ಹಿಡೀರಿ. ಕೆಂಪು ಹತ್ತಿತಂದ್ರ ಸೆರಗು ಒಣಾನೇ ಇರಲಿ, ಪ್ಲಾಸ್ಟಿಕ್ ಚೀಲದಾಗ ಸುತ್ತಿ ಬಾಯಿ ಬಿಗಿ ಕಟ್ಟಿ ಮೈ ಅಷ್ಟ ತೊಳೀರಿ. ಉಪ್ಪುನೀರಿನಾಗ ನೆನಿಸಿದ್ರೂ ಬಣ್ಣ ನಿಲ್ತದ ಅಂತಾರ.

ಹತ್ತಿ ಮೈಗಿ 5 ಲೀಟರ್ ತಣ್ಣೀರಿಗಿ ಒಂದು ಕಪ್ ಬಿಳಿ ವಿನೆಗರ್, ಅರ್ಧ ತಾಸು, ಆಮ್ಯಾಲ ಸಾದಾ ನೀರಿನಾಗ ಎರಡು ಸಲ ಜಾಲಸ್ರಿ. ಖಣಕ್ಕ ಅಂಟವಾಳ ಕಾಯಿ 7–8 ಒಡದು ಬೀಜ ತಗದು, ಒಂದು ಲೀಟರ್ ನೀರಿನಾಗ ರಾತ್ರಿ ನೆನಸಿ ಸೋಸ್ರಿ. ಹಿಂಡಬ್ಯಾಡ್ರಿ, ದಪ್ಪ ಟಾವೆಲ್‌ನಾಗ ಸುರುಳಿ ಸುತ್ತಿ ಒತ್ರಿ.

ಒಣಗಸೋದಕ್ಕ ಬಿಸಿಲೇ ಬೇಕಂತಿಲ್ಲ, ಗಾಳಿ ಆಡಬೇಕು. ಹಗ್ಗದ ಮ್ಯಾಲ ಹಾಕಿದ್ರ ಒದ್ದಿ ಭಾರಕ್ಕ ಹಳೆ ಎಳಿ ಜಗ್ತದ. ಹೊರಸಿನ ಮ್ಯಾಲ ಹಾಸಿ ಫ್ಯಾನ್ ಬಿಡ್ರಿ, ಕೆಳಗಿಂದೂ ಗಾಳಿ ಹೋಗ್ತದ. ಒಣಗ್ಯದನೋ ಇಲ್ಲೋ ಕೈಗಿ ತಿಳಿಯಂಗಿಲ್ಲ, ಅಡಗಿ ಮನಿ ತಕ್ಕಡಿ ಮ್ಯಾಲ ತಾಸಿಗೊಮ್ಮೆ ತೂಗ್ರಿ. ಎರಡು ಸಲ ತೂಕ ಒಂದೇ ಬಂತಂದ್ರ ಆ ಖೋಲಿಯೊಳಗ ಅದಕ್ಕಿಂತ ಹೆಚ್ಚು ಒಣಗಂಗಿಲ್ಲ.

ಜರಿಗೆರೆ (ಕಲಬುರಗಿ)

ಮೇಲಿನ ಉತ್ತರದಲ್ಲಿ ಎರಡು ತಿದ್ದುಪಡಿ. ಉಪ್ಪು ಬಣ್ಣ ಹಾಕುವ ಹಂತದಲ್ಲಿ ಎಳೆಯೊಳಕ್ಕೆ ಬಣ್ಣ ತಳ್ಳಲು ನೆರವಾಗುತ್ತದೆ, ಹಾಕಿ ಮುಗಿದ ಹಳೆ ಬಟ್ಟೆಯಲ್ಲಿ ಬಿಡುವ ಬಣ್ಣವನ್ನು ಹಿಡಿದಿಡುವುದಿಲ್ಲ. ಉಪ್ಪುನೀರನ್ನು ನಂಬಿ ಕೆಂಪು ಸೆರಗು ನೆನೆಸಿದರೆ ಬಿಳಿ ತೆನಿಗಳೆಲ್ಲ ಗುಲಾಬಿಯಾಗುತ್ತವೆ, ಮತ್ತೆ ಬಿಳಿಯಾಗುವುದಿಲ್ಲ. ಎರಡನೆಯದು, ಜರಿ ಇರುವ ಬಟ್ಟೆಗೆ ವಿನೆಗರ್, ನಿಂಬೆ, ಹುಣಸೆ ಯಾವುದೂ ಬೇಡ. ಬೆಳ್ಳಿ ಜರಿ ಕಪ್ಪಾಗುವುದು ಗಾಳಿಯಲ್ಲಿನ ಗಂಧಕದಿಂದ. ಹುಳಿ ಹಚ್ಚಿ ಉಜ್ಜಿದರೆ ಚಿನ್ನದ ತೆಳು ಲೇಪ ಹೋಗಿ, ಕೆಳಗಿನ ತಾಮ್ರ ಹಸಿರುಗಟ್ಟುತ್ತದೆ.

ವಾಸನೆ ಬಗ್ಗೆ ಒಂದು ಲೆಕ್ಕ ಗೊತ್ತಿರಲಿ. ಗಾಳಿಯ ಆರ್ದ್ರತೆ 65% ಇದ್ದಾಗ ಹತ್ತಿ ತನ್ನ ಒಣ ತೂಕದ ಸುಮಾರು 8.5% ತೇವ ಹಿಡಿದಿರುತ್ತದೆ, ರೇಷ್ಮೆ 11%, ಪಾಲಿಯೆಸ್ಟರ್ ಬರೀ 0.4%. ಅದಕ್ಕೇ ಪಾಲಿಯೆಸ್ಟರ್ ಬೆರೆತ ಟೆರಿಕಾಟ್ ಅಂಗಿ ಬೇಗ ಒಣಗುತ್ತದೆ. ಆದರೆ ಪಾಲಿಯೆಸ್ಟರ್‌ಗೆ ಮೈಯ ಎಣ್ಣೆ ಅಂಟಿಕೊಂಡು ಬಗಲಿನ ಬೆವರು ವಾಸನೆ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಹಳೆ ಟೆರಿಕಾಟ್ ಕೊಳ್ಳುವಾಗ ಬಗಲು ಮೂಸಿ ನೋಡಿಯೇ ದುಡ್ಡು ಕೊಡಿ, ನಾಚಿಕೆಯೇನಿಲ್ಲ.

ಮಳೆಯಲ್ಲಿ ಹುಡುಕುವುದರ ಬಗ್ಗೆ: ನಮ್ಮ ಕಡೆ ಸೆಪ್ಟೆಂಬರ್‌ನಲ್ಲೇ ಮಳೆ ಜೋರು. ಮಾರುವವರು ನೆಲದ ಮೇಲೆ ಹರಡುವುದಿಲ್ಲ, ಗಂಟು ಕಟ್ಟಿಯೇ ಇಡುತ್ತಾರೆ, ಒಳಗಿನ ನಗ ತೇವಕ್ಕೆ ಬೂಜು ಹಿಡಿಯುತ್ತದೆ. ಗಂಟಿನ ನಡುವೆ ಕೈ ಹಾಕಿ, ತಣ್ಣಗೆ ತಾಕಿದರೆ ಬಿಟ್ಟುಬಿಡಿ. ಗಿರಾಕಿ ಕಡಿಮೆ ಇರುವುದರಿಂದ ಚೌಕಾಸಿಗೆ ಒಳ್ಳೆ ಕಾಲ, ಆರಿಸಲು ಕೆಟ್ಟ ಕಾಲ. ದೀಪಾವಳಿ, ಯುಗಾದಿಗೆ ಮನೆ ಸ್ವಚ್ಛ ಮಾಡಿದ ಮೇಲೆ ಟ್ರಂಕಿನ ತಳದ ಬಟ್ಟೆಗಳು ಹೊರಬೀಳುತ್ತವೆ. ಜರಿ ಸೀರೆಯಾದರೆ ಬೆಳ್ಳಿಗೋಸ್ಕರ ಸುಡುವವರು ಜರಿಯ ತೂಕ ನೋಡಿ ಕೊಳ್ಳುತ್ತಾರೆ, ಅವರಿಗಿಂತ ಮೊದಲು ತಲುಪಬೇಕು. ಬೆಲೆ ಮಾತಾಡುವಾಗ ಸೀರೆಗೆ ಇಷ್ಟು ಅನ್ನಬೇಡಿ, ಕೆಲಸಕ್ಕೆ ಬರುವ ಗಜ ಎಣಿಸಿ ಅಷ್ಟಕ್ಕೇ ಬೆಲೆ ಕಟ್ಟಿ.

ಕಾಜಾಗುಂಡಿ (ಬೀದರ್)

ಮಷೀನ್ ವಿಷಯ ಬಿಟ್ಟುಹೋಗಿತ್ತು. ಸೂಜಿ ಹೊಸದಾದರೆ ಸಾಲದು, ನಂಬರು ಎಷ್ಟು? ಮಷೀನ್ ಜೊತೆ ಬರುವುದು ಸಾಮಾನ್ಯವಾಗಿ 14 ಅಥವಾ 16. ರೇಷ್ಮೆಗೆ 9, ಹತ್ತಿ ಮೈಗೆ 11 ಹಾಕಿ. ಮಳೆಗಾಲದಲ್ಲಿ ಪೊಟ್ಟಣದಲ್ಲಿದ್ದ ಸೂಜಿಗೂ ತುಕ್ಕು ಕೂರುತ್ತದೆ, ತುದಿಯನ್ನು ಉಗುರಿನ ಮೇಲೆ ಎಳೆದು ನೋಡಿ, ಗೀರು ಬಿದ್ದರೆ ಬಿಸಾಕಿ. ಬಾಬಿನ್ ಕೇಸ್ ತೆಗೆದು ಒದ್ದೆ ನಾರು ಬ್ರಷ್‌ನಿಂದ ತೆಗೆಯಿರಿ, ಒಂದು ಹನಿ ಮಷೀನ್ ಎಣ್ಣೆ ಬಿಟ್ಟು ಚಿಂದಿಯ ಮೇಲೆ ಒಂದು ಗಜ ಹೊಲಿದ ನಂತರವೇ ರೇಷ್ಮೆ ಇಡಿ. ಬಟ್ಟೆ ಸೂಜಿ ತೂತಿನೊಳಕ್ಕೆ ಎಳೆದುಕೊಂಡರೆ ಕೆಳಗೆ ತೆಳು ಬಟರ್ ಪೇಪರ್ ಪಟ್ಟಿ ಇಟ್ಟು ಹೊಲಿದು ಆಮೇಲೆ ಹರಿದುಹಾಕಿ.

ಹೊಲಿಗೆ ಸಣ್ಣದಾದಷ್ಟೂ ಗಟ್ಟಿ ಅನ್ನುವುದು ಹೊಸ ಬಟ್ಟೆಗೆ ಸರಿ. ಹಳೆ ಬಟ್ಟೆಯಲ್ಲಿ ಅಂಚೆ ಚೀಟಿಯ ಅಂಚಿನಂತೆ ಸಾಲು ತೂತು ಬಿದ್ದು ಅಲ್ಲೇ ಹರಿಯುತ್ತದೆ. 2.5 ಮಿಲಿಮೀಟರ್ ಇಡಿ, ಇಂಚಿಗೆ ಹತ್ತು. ದಾರ ಹತ್ತಿಯದೇ ಇರಲಿ. ಪಾಲಿಯೆಸ್ಟರ್ ದಾರ ಬಟ್ಟೆಗಿಂತ ಗಟ್ಟಿ, ಎಳೆತ ಬಿದ್ದಾಗ ದಾರ ಉಳಿದು ಬಟ್ಟೆ ಹರಿಯುತ್ತದೆ. ಹತ್ತಿ ದಾರ ಹರಿದರೆ ಮತ್ತೆ ಹೊಲಿಗೆ ಹಾಕಬಹುದು.

ಜಾಳು ಜಾಗಕ್ಕೆ ಅಂಟಿನ ಪೇಸ್ಟಿಂಗ್ ಬೇಡ. ಮಲ್ಮಲ್ ಒಮ್ಮೆ ತೊಳೆದು ಒಣಗಿಸಿ, ಹಿಂದೆ ಇಟ್ಟು 1 ಇಂಚಿನ ಕಚ್ಚಾ ಹೊಲಿಗೆ ಹಾಕಿ, ಎರಡನ್ನೂ ಒಂದೇ ಬಟ್ಟೆ ಅಂದುಕೊಂಡು ಕತ್ತರಿಸಿ.

ದಡಿಸೆರಗು (ಕಲಬುರಗಿ)

ಸೂಜಿ 16 ಇತ್ತು! 11 ಹಾಕಿದ ಮ್ಯಾಲ ಹತ್ತಿ ಮ್ಯಾಲ ಬರಾಬರ್ ಬೀಳ್ಳಿಕತ್ಯದ, 9 ತರಬೇಕು. ಇನ್ನೆರಡು: ಜಂಪರ್ 3 ಇಂಚು ಅಗಲ ಮಾಡ್ಲಿಕ್ಕಿ ಬರ್ತದ? ಮತ್ತ ಸೆರಗು ಮೈ ಕೂಡೋ ಕಡಿ ಕುರ್ತಾದೊಳಗ ಬಂದ್ರ ಚಂದ ಕಾಣ್ತದಲ್ಲ, ಹಂಗೇ ಇಡ್ಲೇನು?

ಅಂಟವಾಳ (ಶಹಾಪುರ, ಯಾದಗಿರಿ)

ಜಂಪರ್ ತಿರುವಿ ಹಾಕಿ ಪಕ್ಕದ ಮಾರ್ಜಿನ್ ಅಳೀರಿ. ಎರಡು ಪಕ್ಕ, ಒಂದೊಂದಕ್ಕ ಎರಡು ಪದರು, ಒಟ್ಟು ನಾಕು. ಒಂದೊಂದ್ರಾಗ ¾ ಇಂಚು ಬಿಚ್ಚಿದ್ರ 3 ಇಂಚು ಬಂತು. ಹಳೆ ಟೇಲರ್ ಕೆಲಸ ಆಗಿದ್ರ 1 ಇಂಚಿಗಿಂತ ಮ್ಯಾಲೇ ಬಿಟ್ಟಿರ್ತಾರ. ಆದ್ರ ಒಳಗಿನ ಬಟ್ಟಿ ಹೊಸ ಬಣ್ಣ, ಹೊರಗಿಂದು ಮಾಸಿದ್ದು, ಪಟ್ಟಿ ಎದ್ದು ಕಾಣ್ತದ. ಹಳೆ ಸೂಜಿ ತೂತು ರೇಷ್ಮಿ ಎಳ್ಯಾಗ ಮುಚ್ಚಂಗಿಲ್ಲ. ಅದು ಮನಸ್ಸಿಗಿ ಬರಲಿಲ್ಲಂದ್ರ ಬಗಲಿಂದ ಕೆಳತನಕ ಎರಡೂ ಪಕ್ಕ 2½ ಇಂಚಿನ ಸಾದಾ ಹತ್ತಿ ಪಟ್ಟಿ ಕೂಡಸ್ರಿ, ಹೊಲದ ಮ್ಯಾಲ 1½ ಉಳೀತದ. ಕೈ ಕೆಳಗ ಬರೋದ್ರಿಂದ ಕಾಣಂಗಿಲ್ಲ. ಬೆವರಿಗಿ ಖಣ ಮೊದ್ಲ ಹೋಗೋದೂ ಅಲ್ಲೇ.

ಜರಿಗೆರೆ (ಕಲಬುರಗಿ)

ಸೆರಗು ಮೈ ಕೂಡುವ ಆ ಸಾಲಿಗೆ ಕೊಂಡಿ ಅನ್ನುತ್ತಾರೆ. ಮೈಯ ಹಾಸಿನ ಎಳೆಗೂ ಸೆರಗಿನ ಹಾಸಿನ ಎಳೆಗೂ ಕುಣಿಕೆ ಹಾಕಿ ಮಗ್ಗದ ಮೇಲೇ ಸೇರಿಸಿರುತ್ತಾರೆ. ಒಂದು ಬದಿ ಹತ್ತಿ, ಇನ್ನೊಂದು ಬದಿ ರೇಷ್ಮೆ. ತೊಳೆದಾಗ ಎರಡೂ ಒಂದೇ ಸಮ ಕುಗ್ಗುವುದಿಲ್ಲ, ಸಾಲು ಸುಕ್ಕುಗಟ್ಟುತ್ತದೆ. ಅದರ ಮೇಲೆ ಎದೆಯ ಅಥವಾ ಭುಜದ ಎಳೆತ ಬಿದ್ದರೆ ಕುಣಿಕೆಗಳು ಬಿಚ್ಚುತ್ತವೆ. ಇಡಲೇಬೇಕಾದರೆ ಕೆಳ ಘೇರಿನ ಹತ್ತಿರ ಬರಲಿ, ಹಿಂದೆ ಮಲ್ಮಲ್ ಪಟ್ಟಿ ಕೊಟ್ಟು, ಕೊಂಡಿಯ ಎರಡೂ ಬದಿ ಅರ್ಧ ಇಂಚು ಬಿಟ್ಟು ಕೈಹೊಲಿಗೆ ಹಾಕಿ. ಸೂಜಿ ಕೊಂಡಿಯ ಮೇಲೇ ಓಡಬಾರದು. ನಿಮ್ಮ ಸೆರಗು ಬಣ್ಣ ಬಿಡುವಂಥದ್ದಾದರೆ ಅದನ್ನು ಕುರ್ತಾಕ್ಕೆ ಕಾಯಂ ಸೇರಿಸುವ ಬದಲು ತೋಳಿನ ಪಟ್ಟಿ, ಕೊರಳ ಪಟ್ಟಿ ಮಾಡಿ ಒತ್ತುಗುಂಡಿಯಿಂದ ಹಾಕಿ, ತೊಳೆಯುವಾಗ ಬಿಚ್ಚಿಡಬಹುದು.