ಕಿಡ್ನಿ ಕೆಟ್ಟ 12 ವರ್ಷದ ಬೆಕ್ಕು: ತಿಂಗಳಿಗೆ ಮೂರು ಸಾವಿರದೊಳಗೆ ಏನೇನು ಮಾಡಬಹುದು?

ಬೆಣ್ಣೆದೋಸೆ577

ನಾಟಿ ಬೆಕ್ಕು, ಹೆಣ್ಣು, ಮರಿಯಾಗದ ಆಪರೇಷನ್ ಆಗಿದೆ. ತೂಕ 3.2 ಕೆಜಿ, ಹೋದ ವರ್ಷ 4.1 ಇತ್ತು. ನೀರು ವಿಪರೀತ ಕುಡಿಯುತ್ತಾಳೆ, ಬೆಳಗ್ಗೆ ಬಿಳಿ ನೊರೆ ವಾಂತಿ. ಬಟ್ಟಲು ಮೂಸಿ ನೋಡಿ ತಿನ್ನದೆ ಹೋಗುತ್ತಾಳೆ.

ರಿಪೋರ್ಟ್: ಕ್ರಿಯಾಟಿನಿನ್ 4.6, ಬ್ಲಡ್ ಯೂರಿಯಾ 190, ಫಾಸ್ಫರಸ್ 7.1, ಪೊಟ್ಯಾಸಿಯಂ 3.3, ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಪಾಲು) 24. ಸ್ಕ್ಯಾನಿಂಗ್‌ನಲ್ಲಿ ಎರಡೂ ಕಿಡ್ನಿ ಚಿಕ್ಕದಾಗಿವೆ, ಕಲ್ಲು ಇಲ್ಲ. ಬಿಪಿ ನೋಡಿಲ್ಲ. ಹೃದಯದಲ್ಲಿ ಶಬ್ದ ಇಲ್ಲ ಅಂದರು.

ಮೂರು ದಿನ ಅಡ್ಮಿಟ್ ಮಾಡಿ ಡ್ರಿಪ್, ಆಮೇಲೆ ಜೀವನವಿಡೀ ರೀನಲ್ ಫುಡ್ (ಕಿಡ್ನಿ ಕಾಯಿಲೆಗೆಂದೇ ಮಾಡಿದ ಆಹಾರ) ಅಂತ ಡಾಕ್ಟರ್ ಹೇಳಿದ್ದಾರೆ. ಈಗ ಕೈಯಲ್ಲಿರುವುದು ಎಂಟು ಸಾವಿರ, ಆಮೇಲೆ ತಿಂಗಳಿಗೆ ಮೂರು ಸಾವಿರ ಹೊಂದಿಸಬಹುದು. ಊರು ದಾವಣಗೆರೆ. ಯಾವುದಕ್ಕೆ ಮೊದಲು ಖರ್ಚು ಮಾಡಲಿ, ಯಾವುದನ್ನು ಬಿಡಲಿ? ಚರ್ಮದಡಿ ಡ್ರಿಪ್ ಮನೆಯಲ್ಲೇ ಹಾಕಬಹುದು ಅಂತಾರಲ್ಲ, ಅದು ಹೇಗೆ?

---

ಮಲೆನಾಡ್_ಮಿಯಾಂವ್

ಮೊದಲು ರಿಪೋರ್ಟ್ ಓದೋಣ. ನಮ್ಮ ಲ್ಯಾಬುಗಳು ಬರೆಯುವುದು ಬ್ಲಡ್ ಯೂರಿಯಾ. ನೀವು ನೆಟ್‌ನಲ್ಲಿ ನೋಡುವ ಪಟ್ಟಿಗಳೆಲ್ಲ ಬಿಯುಎನ್ (ಯೂರಿಯಾದಲ್ಲಿರುವ ಸಾರಜನಕ) ಲೆಕ್ಕದವು. ಯೂರಿಯಾವನ್ನು 2.14ರಿಂದ ಭಾಗಿಸಿದರೆ ಬಿಯುಎನ್ ಸಿಗುತ್ತದೆ, ಅಂದರೆ ನಿಮ್ಮದು 89. ಜಾಸ್ತಿಯೇ, ಆದರೆ ನೀವು ಹೆದರಿರುವಷ್ಟಲ್ಲ.

ಕ್ರಿಯಾಟಿನಿನ್ 2.9ರಿಂದ 5.0ರವರೆಗೆ ಐರಿಸ್ ಪಟ್ಟಿಯ (ಪ್ರಾಣಿಗಳ ಕಿಡ್ನಿ ಕಾಯಿಲೆಯ ಹಂತ ಹೇಳುವ ಅಂತರರಾಷ್ಟ್ರೀಯ ಪಟ್ಟಿ) 3ನೇ ಹಂತ, 5 ದಾಟಿದರೆ 4ನೇ ಹಂತ. ಆದರೆ ಈ ಲೆಕ್ಕ ಮೈಯಲ್ಲಿ ನೀರಿನಂಶ ಸರಿಯಿರುವ ಬೆಕ್ಕಿಗೆ. ವಾಂತಿ ಮಾಡಿ, ಊಟ ಬಿಟ್ಟು ಒಣಗಿರುವಾಗ ಕ್ರಿಯಾಟಿನಿನ್ ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ. ಡ್ರಿಪ್ ಆದ ಮೇಲೆ ಬರುವ ಅಂಕಿಯೇ ಇವಳ ನಿಜವಾದ ಮಟ್ಟ. ಪಿಸಿವಿ ಮಾತ್ರ ಇದಕ್ಕೆ ಉಲ್ಟಾ: ರಕ್ತ ಗಟ್ಟಿಯಾಗಿರುವುದರಿಂದ ಈಗ 24 ಕಾಣುತ್ತಿದೆ, ನೀರು ತುಂಬಿದ ಮೇಲೆ ಇನ್ನೂ ಇಳಿಯಬಹುದು. ಇಳಿದರೆ ಡ್ರಿಪ್‌ನಿಂದಲೇ ರಕ್ತ ಹೋಯ್ತು ಅಂದುಕೊಳ್ಳಬೇಡಿ.

ಮೊದಲ ಡ್ರಿಪ್ಪಿನಲ್ಲಿ ಕೈ ಹಿಡಿಯಬೇಡಿ. ಚೆನ್ನಾಗಿ ಒಣಗಿರುವ, ಮೈ ತಣ್ಣಗಾದ ಬೆಕ್ಕಿಗೆ ಚರ್ಮದಡಿ ಹಾಕಿದ ನೀರು ಹೀರಿಕೊಳ್ಳುವುದೇ ಇಲ್ಲ, ಅಲ್ಲೇ ಗಂಟಾಗಿ ಕೂರುತ್ತದೆ. ಅಂಥ ಸ್ಥಿತಿಯಲ್ಲಿ ರಕ್ತನಾಳಕ್ಕೇ ಹೋಗಬೇಕು. ಆದರೆ ರಾತ್ರಿ ಅಲ್ಲೇ ಬಿಡಲೇಬೇಕಾ ಅಂತ ಕೇಳಿ. ಕ್ಯಾನುಲಾ ಹಾಕಿಸಿ ಬೆಳಗ್ಗೆಯಿಂದ ಸಂಜೆವರೆಗೆ ಡ್ರಿಪ್, ರಾತ್ರಿ ಬ್ಯಾಂಡೇಜ್ ಸಮೇತ ಮನೆಗೆ, ಹೀಗೆ ಎಷ್ಟೋ ಕಡೆ ಒಪ್ಪುತ್ತಾರೆ. ವಾಸದ ಖರ್ಚು ಉಳಿಯುತ್ತದೆ, ಬೆಕ್ಕು ಮನೆಯಲ್ಲಿ ನಾಲ್ಕು ತುತ್ತು ಜಾಸ್ತಿ ತಿಂದರೂ ತಿನ್ನಬಹುದು. ಖಾಸಗಿ ಕ್ಲಿನಿಕ್ ಕೈಗೆಟುಕದಿದ್ದರೆ ನಿಮಗೆ ಹತ್ತಿರ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಬೇರೆ ಊರಿನವರು ಓದುತ್ತಿದ್ದರೆ ಹೆಬ್ಬಾಳ, ಹಾಸನ, ಬೀದರ್‌ನಲ್ಲೂ ಕಾಲೇಜುಗಳಿವೆ. ಬೆಳಗ್ಗೆ ಬೇಗ ಹೋಗಿ, ಹಳೆ ರಿಪೋರ್ಟ್ ಎಲ್ಲಾ ಒಯ್ಯಿರಿ, ಇಲ್ಲದಿದ್ದರೆ ಮಾಡಿಸಿದ್ದನ್ನೇ ಮತ್ತೆ ಮಾಡಿಸುತ್ತಾರೆ.

ಟೆಸ್ಟ್‌ಗಳಲ್ಲಿ ಎಸ್‌ಡಿಎಂಎ (ಕಿಡ್ನಿಯ ಇನ್ನೊಂದು ರಕ್ತಪರೀಕ್ಷೆ) ಬಿಡಿ. ಕಾಯಿಲೆ ಇದೆಯೋ ಇಲ್ಲವೋ ಅನ್ನುವ ಅನುಮಾನ ಇದ್ದಾಗ ಅದು ಬೇಕು, ಇಲ್ಲಿ ಅನುಮಾನ ಉಳಿದಿಲ್ಲ. ಆ ದುಡ್ಡಿನಲ್ಲಿ ಬಿಪಿ ನೋಡಿಸಿ. ಮೇಲಿನ ಬಿಪಿ 160 ದಾಟಿ ಹಾಗೇ ಉಳಿದರೆ ಕಿಡ್ನಿ ಇನ್ನೂ ಹಾಳಾಗುತ್ತದೆ, ಕಣ್ಣಿನ ಪರದೆ ಕಳಚಿ ಒಂದೇ ರಾತ್ರಿಯಲ್ಲಿ ಕುರುಡಾಗುವುದೂ ಉಂಟು. ಮದ್ದು ಅಗ್ಗ: ಮನುಷ್ಯರ ಅಮ್ಲೋಡಿಪಿನ್ 2.5 ಎಂಜಿ ಮಾತ್ರೆಯ ಕಾಲು ಭಾಗ, ದಿನಕ್ಕೊಂದು ಸಲ. ಆದರೆ ಅಳೆದ ಮೇಲೆ ಮಾತ್ರ, ಊಹೆಯ ಮೇಲೆ ಬೇಡ.

---

ಹದಿನೆಂಟು_ಗೇಜ್

ಚರ್ಮದಡಿ ಡ್ರಿಪ್ ಬಗ್ಗೆ. ಎಷ್ಟು, ಎಷ್ಟು ದಿನಕ್ಕೊಮ್ಮೆ ಅನ್ನುವುದನ್ನು ಡಾಕ್ಟರ್ ಬಳಿ ಬರೆಸಿಕೊಳ್ಳಿ. ಈ ತೂಕಕ್ಕೆ ಸಾಮಾನ್ಯವಾಗಿ ಒಂದು ಸಲಕ್ಕೆ 75ರಿಂದ 100 ಎಂಎಲ್, ದಿನಾ ಅಥವಾ ದಿನ ಬಿಟ್ಟು ದಿನ. ಮೊದಲ ಸಲ ಅವರ ಮುಂದೆಯೇ ನೀವೇ ಚುಚ್ಚಿ.

ಮೆಡಿಕಲ್ ಶಾಪ್‌ನಲ್ಲಿ ಕೇಳಬೇಕಾದದ್ದು: ರಿಂಗರ್ ಲ್ಯಾಕ್ಟೇಟ್ 500 ಎಂಎಲ್, ಅಂದರೆ ಆರ್‌ಎಲ್. ಡಿಎನ್‌ಎಸ್ ಅಥವಾ 5% ಡೆಕ್ಸ್ಟ್ರೋಸ್ ಕೊಟ್ಟರೆ ವಾಪಸ್ ಕೊಡಿ, ಸಕ್ಕರೆ ನೀರು ಚರ್ಮದಡಿಗೆ ಸಲ್ಲದು. ಜೊತೆಗೆ ಐವಿ ಸೆಟ್ ಒಂದು, 18 ಗೇಜ್ ಸೂಜಿ ಒಂದಷ್ಟು. ಸೂಜಿಯಲ್ಲಿ 18 ಗೇಜ್‌ನ ಬುಡ ಗುಲಾಬಿ ಬಣ್ಣ, ಕ್ಯಾನುಲಾದಲ್ಲಿ ಗುಲಾಬಿ ಅಂದರೆ 20. ಅಂಗಡಿಯವರು ಇದನ್ನು ಅದಲುಬದಲು ಮಾಡುತ್ತಾರೆ, ಕವರ್ ಮೇಲೆ ಓದಿ ತಗೊಳ್ಳಿ. ಸಣ್ಣ ಸೂಜಿ ನೋವಿಲ್ಲ ಅಂತ 23 ಗೇಜ್ ತಂದರೆ 100 ಎಂಎಲ್ ಇಳಿಯುವಷ್ಟು ಹೊತ್ತು ಯಾವ ಬೆಕ್ಕೂ ಕೂರುವುದಿಲ್ಲ.

ಬಾಟಲಿಯನ್ನು ಹದಿನೈದು ನಿಮಿಷ ಬಿಸಿನೀರಿನ ಪಾತ್ರೆಯಲ್ಲಿಡಿ. ಮಣಿಕಟ್ಟಿನ ಮೇಲೆ ನಾಲ್ಕು ಹನಿ ಬಿಟ್ಟರೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಅನ್ನಿಸಬೇಕು. ಮೈಕ್ರೋವೇವ್ ಬೇಡ, ಒಳಗೆ ಒಂದು ಕಡೆ ಕುದಿದಿರುತ್ತದೆ. ಬಾಟಲಿಯನ್ನು ಕಿಟಕಿ ಸರಳಿಗೆ, ಬೆಕ್ಕಿಗಿಂತ ಮೂರು ನಾಲ್ಕು ಅಡಿ ಮೇಲೆ ಕಟ್ಟಿ. ಸೆಟ್‌ನ ಗಾಳಿಯನ್ನೆಲ್ಲ ಹೊರಗೆ ಬಿಟ್ಟು, ಹರಿವು ಹಿಡಿದಿಡುವ ಚಕ್ರ ಮುಚ್ಚಿ.

ಭುಜದ ಎಲುಬುಗಳ ನಡುವೆ, ಸ್ವಲ್ಪ ಹಿಂದಕ್ಕೆ, ಚರ್ಮವನ್ನು ಗುಡಾರದ ಹಾಗೆ ಎತ್ತಿ ಹಿಡಿಯಿರಿ. ಸೂಜಿಯ ಓರೆ ಬಾಯಿ ಮೇಲಕ್ಕಿರಲಿ, ಬೆನ್ನಿಗೆ ಸಮಾನಾಂತರವಾಗಿ ಗುಡಾರದ ಬುಡಕ್ಕೆ ಒಂದೇ ಸಲಕ್ಕೆ ತೂರಿಸಿ. ಅನುಮಾನದಿಂದ ನಿಧಾನ ಒತ್ತಿದರೆ ನೋವು ಜಾಸ್ತಿ. ಚಕ್ರ ಪೂರ್ತಿ ಬಿಡಿ. ಕೂದಲು ಒದ್ದೆಯಾದರೆ ಸೂಜಿ ಆ ಕಡೆಯಿಂದ ಹೊರಬಂದಿದೆ ಅಂತ ಅರ್ಥ, ತೆಗೆದು ಹೊಸ ಸೂಜಿ ಹಾಕಿ. ಇಳಿಯುವುದೇ ನಿಂತರೆ ಸೂಜಿಯ ಬಾಯಿ ಚರ್ಮಕ್ಕೆ ಒತ್ತಿಕೊಂಡಿರುತ್ತದೆ, ಒಂಚೂರು ತಿರುಗಿಸಿ ಅಥವಾ ಕೂದಲೆಳೆಯಷ್ಟು ಹಿಂದಕ್ಕೆಳೆಯಿರಿ. ಮುಗಿದ ಮೇಲೆ ಚುಚ್ಚಿದ ಜಾಗವನ್ನು ಒಂದು ನಿಮಿಷ ಚಿವುಟಿ ಹಿಡಿದರೆ ಸೋರುವುದು ಕಡಿಮೆ.

ಗಟ್ಟಿ ಪ್ಲಾಸ್ಟಿಕ್ ಬಾಟಲಿ ಆದರೆ ಗಾಳಿ ಒಳಹೋಗದೆ ಹರಿವು ನಿಧಾನವಾಗುತ್ತದೆ. ಮೇಲೆ ಇನ್ನೊಂದು ಸೂಜಿ ಚುಚ್ಚಿ ಗಾಳಿದಾರಿ ಮಾಡುವ ಅಭ್ಯಾಸ ಇದೆ, ಆದರೆ ಒಂದೇ ಬಾಟಲಿಯನ್ನು ನಾಲ್ಕೈದು ದಿನ ಬಳಸುವವರು ಹಾಗೆ ಮಾಡಿದರೆ ಕ್ರಿಮಿಗೆ ಬಾಗಿಲು ತೆರೆದಂತೆ. ಕುಗ್ಗುವ ಚೀಲದ ಆರ್‌ಎಲ್ ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಅದನ್ನೇ ತಗೊಳ್ಳಿ. ಎಷ್ಟು ಹೋಯಿತು ಅಂತ ತಿಳಿಯಲು ಅಡುಗೆಮನೆ ತಕ್ಕಡಿ ಸಾಕು: 100 ಎಂಎಲ್ ಇಳಿದರೆ ಚೀಲ ಹೆಚ್ಚುಕಡಿಮೆ 100 ಗ್ರಾಂ ಹಗುರ. ಸೂಜಿ ಪ್ರತಿ ಸಲ ಹೊಸದು, ಇದರಲ್ಲಿ ಮಾತ್ರ ಉಳಿತಾಯ ಬೇಡ. ದ್ರವ ಮಬ್ಬಾಗಿ ಕಂಡರೆ ಉಳಿದದ್ದನ್ನು ಚೆಲ್ಲಿ. ಪೊಟ್ಯಾಸಿಯಂ ಇಂಜೆಕ್ಷನ್ ಅನ್ನು ನೀವೇ ಬಾಟಲಿಗೆ ಬೆರೆಸುವ ಯೋಚನೆಯನ್ನೂ ಮಾಡಬೇಡಿ.

ನಿದ್ದೆಯಲ್ಲಿದ್ದಾಗ ಉಸಿರು ಎಣಿಸಿ. ನಿಮಿಷಕ್ಕೆ 30ರ ಒಳಗಿರಬೇಕು. ಅದನ್ನು ದಾಟಿ ಏರುತ್ತಿದ್ದರೆ, ಅಥವಾ ಬಾಯಿ ತೆರೆದು ಉಸಿರಾಡಿದರೆ, ಮುಂದಿನ ಡ್ರಿಪ್ ನಿಲ್ಲಿಸಿ ತಕ್ಷಣ ಡಾಕ್ಟರ್ ಹತ್ತಿರ ಹೋಗಿ. ನೀರು ಎದೆಗೂಡಿನಲ್ಲಿ ತುಂಬುತ್ತಿರಬಹುದು. ಶಬ್ದ ಇಲ್ಲದ ಹೃದ್ರೋಗವೂ ಬೆಕ್ಕಿನಲ್ಲಿ ಇರುತ್ತದೆ.

---

ಕಡಲ_ತಡಿ

ಊಟದ ವಿಷಯ. ವಾಕರಿಕೆ ನಿಲ್ಲುವವರೆಗೆ ರೀನಲ್ ಫುಡ್ ಮುಂದಿಡಲೇಬೇಡಿ. ಹೊಟ್ಟೆ ತೊಳಸುವಾಗ ತಿಂದದ್ದನ್ನು ಬೆಕ್ಕು ಜನ್ಮದಲ್ಲಿ ಮತ್ತೆ ಮುಟ್ಟುವುದಿಲ್ಲ, ಆಮೇಲೆ ಆ ದುಬಾರಿ ಪ್ಯಾಕೆಟ್ ಬೀದಿ ಬೆಕ್ಕುಗಳ ಪಾಲು. ಈಗ ಅವಳು ಏನು ತಿಂದರೂ ಸರಿ. ಎರಡು ಮೂರು ದಿನ ಪೂರ್ತಿ ಉಪವಾಸ ಬಿದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡು ಎರಡನೇ ಕಾಯಿಲೆ ಶುರುವಾಗುತ್ತದೆ.

3.2 ಕೆಜಿಗೆ ದಿನಕ್ಕೆ ಸುಮಾರು 165 ಕ್ಯಾಲರಿ ಬೇಕು. ಒಣ ರೀನಲ್ ಫುಡ್ ಗ್ರಾಮಿಗೆ ಹತ್ತಿರತ್ತಿರ 4 ಕ್ಯಾಲರಿ, ಅಂದರೆ 40 ಗ್ರಾಂ ಆಸುಪಾಸು. 400 ಗ್ರಾಂ ಪ್ಯಾಕೆಟ್ ಹತ್ತು ದಿನ, 2 ಕೆಜಿ ಚೀಲ ಏಳು ವಾರ. ದೊಡ್ಡದು ಅಗ್ಗ ಹೌದು, ಆದರೆ ಒಪ್ಪುತ್ತಾಳೋ ಇಲ್ಲವೋ ಗೊತ್ತಾಗುವವರೆಗೆ ಚಿಕ್ಕದೇ ತನ್ನಿ. ನಿಮ್ಮ ಬಜೆಟ್ಟಿಗೆ ಅರ್ಧ ಇದು, ಅರ್ಧ ಮನೆಯದು ಅನ್ನುವುದು ಹೊಂದುತ್ತದೆ.

ಮನೆಯದು ಅಂದರೆ: ಎಲುಬಿಲ್ಲದ ಕೋಳಿಯನ್ನು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿ. ಫಾಸ್ಫರಸ್ ಒಂದು ಭಾಗ ಅದರಲ್ಲೇ ಹೋಗುತ್ತದೆ. ಬೆಂದ ಮೊಟ್ಟೆಯ ಬಿಳಿ ಸೇರಿಸಿ. ಬಿಳಿಯಲ್ಲಿ ಫಾಸ್ಫರಸ್ ಅತ್ಯಲ್ಪ, ಹಳದಿಯಲ್ಲಿ ಬಹಳ. ಎಲುಬಿನ ಸಾರು, ಈಲಿ, ಒಣಮೀನು, ಮುಳ್ಳು ಸಮೇತ ಬೂತಾಯಿ, ಹಾಲು, ಮೊಸರನ್ನ ನಿಲ್ಲಿಸಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಯಾವತ್ತೂ ಇಲ್ಲ. ಪೂರ್ತಿ ಮನೆ ಊಟವೇ ಆದರೆ ಟಾರಿನ್ (ಬೆಕ್ಕಿಗೆ ಬೇಕೇ ಬೇಕಾದ ಪೋಷಕಾಂಶ), ಕ್ಯಾಲ್ಸಿಯಂ ಎರಡೂ ಕಡಿಮೆ ಬೀಳುತ್ತವೆ, ಅದಕ್ಕೇ ಅರ್ಧರ್ಧ ಅಂದೆ.

ಫಾಸ್ಫರಸ್ 3ನೇ ಹಂತದಲ್ಲಿ 5ರ ಒಳಗೆ ಬರಬೇಕು. ಊಟ ಬದಲಿಸಿ ಒಂದೂವರೆ ತಿಂಗಳಾದರೂ ಇಳಿಯದಿದ್ದರೆ ಡಾಕ್ಟರ್ ಫಾಸ್ಫೇಟ್ ಬೈಂಡರ್ ಬರೆಯುತ್ತಾರೆ. ಅದನ್ನು ಊಟದ ಜೊತೆಗೇ ಕೊಡಬೇಕು, ಖಾಲಿ ಹೊಟ್ಟೆಗೆ ಕೊಟ್ಟರೆ ಹಿಡಿಯಲು ಅಲ್ಲಿ ಫಾಸ್ಫೇಟೇ ಇರುವುದಿಲ್ಲ. ಮನೆಯಲ್ಲಿರುವ ಗ್ಯಾಸಿನ ಸಿರಪ್ ಇದಕ್ಕೆ ಬದಲಿ ಅಲ್ಲ, ಅದರಲ್ಲಿ ಮೆಗ್ನೀಸಿಯಂ, ಪುದೀನ ಎಲ್ಲಾ ಇರುತ್ತೆ.

---

ಮಲೆನಾಡ್_ಮಿಯಾಂವ್

ಮಾತ್ರೆಗಳ ಬಗ್ಗೆ ಬರೆಯುವುದು ಉಳಿದಿತ್ತು. ನನ್ನ ಪ್ರಕಾರ ನಿಮ್ಮ ತಿಂಗಳ ದುಡ್ಡಿನಲ್ಲಿ ಮೊದಲ ಪಾಲು ವಾಕರಿಕೆಗೆ, ಎರಡನೆಯದು ಡ್ರಿಪ್‌ಗೆ, ಉಳಿದದ್ದು ಊಟಕ್ಕೆ. ಕ್ಲಿನಿಕ್‌ನಲ್ಲಿ ಬರೆಯುವ ಪ್ರಾಣಿಗಳ ಬ್ರ್ಯಾಂಡ್‌ಗೆ ಬದಲಾಗಿ ಮನುಷ್ಯರ ಜನರಿಕ್ ಬರೆದುಕೊಡಲು ಬಾಯಿಬಿಟ್ಟು ಕೇಳಿ, ಬಹಳಷ್ಟು ಡಾಕ್ಟರುಗಳು ಬರೆಯುತ್ತಾರೆ. ಒಂಡಾನ್‌ಸೆಟ್ರಾನ್ (ವಾಕರಿಕೆಗೆ) 4 ಎಂಜಿ ಮಾತ್ರೆಯ ಅರ್ಧ, ದಿನಕ್ಕೆರಡು ಸಲ, ಈ ತೂಕಕ್ಕೆ ಸಾಮಾನ್ಯ ಪ್ರಮಾಣ. ಹಸಿವಿಗೆ ಮಿರ್ಟಾಜಪಿನ್ 7.5 ಎಂಜಿಯ ಕಾಲು ಭಾಗ, ದಿನ ಬಿಟ್ಟು ದಿನ. ಕಿಡ್ನಿ ಕೆಟ್ಟಾಗ ಇದು ಮೈಯಿಂದ ಬೇಗ ಹೊರಹೋಗುವುದಿಲ್ಲ, ದಿನಾ ಕೊಟ್ಟರೆ ಬೆಕ್ಕು ರಾತ್ರಿಯಿಡೀ ಕೂಗುತ್ತಾ ಸುತ್ತುತ್ತದೆ. ಟ್ರಮಡಾಲ್ ಅನ್ನುವ ನೋವಿನ ಮದ್ದಿನ ಜೊತೆ ಇದು ಬೇಡ. ಮಾತ್ರೆ ಕತ್ತರಿಸುವ ಡಬ್ಬಿ ಒಂದು ತಗೊಳ್ಳಿ, ಬ್ಲೇಡಿನಲ್ಲಿ ಸಮ ಕಾಲುಭಾಗ ಆಗುವುದಿಲ್ಲ.

ಕೊಡಬಾರದ್ದು: ಪ್ಯಾರಾಸಿಟಮಾಲ್ ಅರ್ಧ ಮಾತ್ರೆಯೂ ಬೆಕ್ಕನ್ನು ಕೊಲ್ಲಬಲ್ಲದು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೂಡ ಹಾಗೇ. ಬೇರೆ ಯಾವ ಕಾರಣಕ್ಕೆ ಬೇರೆ ಡಾಕ್ಟರ್ ಹತ್ತಿರ ಹೋದರೂ ಬಾಗಿಲಲ್ಲೇ ‘ಕಿಡ್ನಿ ಪೇಶೆಂಟ್’ ಅನ್ನಿ. ಜೆಂಟಾಮೈಸಿನ್, ಅಮಿಕಾಸಿನ್ ಅಗ್ಗದ ಆಂಟಿಬಯಾಟಿಕ್ ಇಂಜೆಕ್ಷನ್‌ಗಳು, ಅಭ್ಯಾಸಬಲದಿಂದ ಕೊಟ್ಟುಬಿಡುತ್ತಾರೆ, ಇರುವ ಕಿಡ್ನಿಯನ್ನೂ ಅವು ತೆಗೆಯುತ್ತವೆ.

ಕಹಿ ಮಾತೊಂದು ಈಗಲೇ ಹೇಳುತ್ತೇನೆ. ವಾಸಿಯಾಗುವ ಕಾಯಿಲೆ ಇದಲ್ಲ. ಡ್ರಿಪ್, ವಾಂತಿ ಮಾತ್ರೆ ಎರಡೂ ಸರಿಯಾಗಿ ನಡೆದಾಗಲೂ ತಾನಾಗಿ ತಿನ್ನುತ್ತಿಲ್ಲ, ಬಾಯಲ್ಲಿ ಹುಣ್ಣು, ಮೈ ತಣ್ಣಗೆ, ಫಿಟ್ಸ್, ಈ ಸ್ಥಿತಿ ಬಂದರೆ ಇನ್ನೊಂದು ಸುತ್ತು ಅಡ್ಮಿಟ್‌ಗೆ ಸಾಲ ಮಾಡಬೇಡಿ. ಡಾಕ್ಟರ್ ಕೈಯಲ್ಲಿ ಮಂಪರು ಕೊಡಿಸಿ ದಯಾಮರಣ ಕೊಡಿಸುವುದಕ್ಕೆ ಒಂದಷ್ಟು ದುಡ್ಡು ಎತ್ತಿಡಿ. ಅದನ್ನು ಖರ್ಚಿನ ಪಟ್ಟಿಯಲ್ಲಿ ಬರೆಯಲು ಯಾರಿಗೂ ಮನಸ್ಸು ಬರುವುದಿಲ್ಲ, ಕೊನೆಗೆ ಅದಕ್ಕೇ ಪರದಾಡುತ್ತಾರೆ.

---

ಬೆಣ್ಣೆದೋಸೆ577

ಎಲ್ಲರಿಗೂ ಥ್ಯಾಂಕ್ಸ್. ಮೂರು ದಿನ ಹಗಲು ಡ್ರಿಪ್ ಆಯಿತು, ಕ್ರಿಯಾಟಿನಿನ್ 3.7, ಪಿಸಿವಿ 21, ಬಿಪಿ 150. ಚಿಕನ್ ತಿನ್ನುತ್ತಿದ್ದಾಳೆ. ನಿನ್ನೆ ಮನೆಯಲ್ಲಿ ಮೊದಲ 100 ಎಂಎಲ್ ಹಾಕಿದೆವು. ಈಗ ಬೆನ್ನಿನ ಗಂಟು ಇಳಿದು ಬಲ ಮುಂಗಾಲು ಮೊಣಕೈವರೆಗೆ ಊದಿದೆ. ಉಸಿರು 24. ಏನಾದರೂ ಹೆಚ್ಚುಕಮ್ಮಿ ಆಯ್ತಾ?

---

ಹದಿನೆಂಟು_ಗೇಜ್

ಇಲ್ಲ. ನೀರು ಇಳಿಜಾರಿಗೆ ಹರಿದಿದೆ, ಅಷ್ಟೇ. ಮುಟ್ಟಿದರೆ ಮೆತ್ತಗೆ, ಬಿಸಿಯಿಲ್ಲ, ನೋವಿಲ್ಲ ಅಂದರೆ 12ರಿಂದ 24 ಗಂಟೆಯಲ್ಲಿ ಕರಗುತ್ತದೆ. ಬಿಸಿ, ಕೆಂಪು, ಮುಟ್ಟಲು ಬಿಡುತ್ತಿಲ್ಲ ಅಂದರೆ ಕೀವು, ತೋರಿಸಿ. 24 ಗಂಟೆಯಾದರೂ ಕರಗದೇ ಇದ್ದರೆ ಅದರ ಮೇಲೆ ಮತ್ತೆ 100 ಸುರಿಯಬೇಡಿ. ಆವತ್ತಿನ ಡ್ರಿಪ್ ಬಿಟ್ಟು ಡಾಕ್ಟರ್‌ಗೆ ಫೋನ್ ಮಾಡಿ, ಪ್ರಮಾಣ ಇಳಿಸಬೇಕಾಗಬಹುದು.

ಪಿಸಿವಿ 21 ಅನ್ನು ಮುಂದಿನ ತಿಂಗಳು ಮತ್ತೆ ನೋಡಿಸಿ. 20ಕ್ಕಿಂತ ಕೆಳಗೆ ಹೋದರೆ ಡಾರ್ಬೆಪೊಯೆಟಿನ್ (ಕೆಂಪುಕಣ ಹೆಚ್ಚಿಸುವ ಇಂಜೆಕ್ಷನ್) ಮಾತು ಬರುತ್ತದೆ, ಅದು ದುಬಾರಿ, ಮೊದಲೇ ರೇಟ್ ಕೇಳಿಟ್ಟುಕೊಳ್ಳಿ. ಅಲ್ಲಿಯವರೆಗೆ ಚಿಗಟ ಇಲ್ಲದ ಹಾಗೆ ನೋಡಿಕೊಳ್ಳಿ, ಇಷ್ಟು ಕಡಿಮೆ ರಕ್ತ ಇರುವಾಗ ಅವು ಹೀರುವುದೂ ಲೆಕ್ಕಕ್ಕೆ ಬರುತ್ತದೆ. ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ, ಡ್ರಿಪ್‌ಗೆ ಮುಂಚೆ ತೂಕ ಮಾಡಿ. ಡ್ರಿಪ್ ಆದ ಮೇಲೆ ಮಾಡಿದರೆ 100 ಗ್ರಾಂ ಸುಳ್ಳು ಹೇಳುತ್ತದೆ. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೇರಿಸಿಟ್ಟು ಕ್ಲಿನಿಕ್‌ಗೇ ಕೊಡಿ, ಕಸದ ಗಾಡಿಯವರ ಕೈಗೆ ಚುಚ್ಚಬಾರದು.