ಅನಾಹೈಮ್‌ನ ಡಿಸ್ನಿಲ್ಯಾಂಡ್: 1987ರಲ್ಲಿ ಕಂಡದ್ದರಲ್ಲಿ ಇಂದು ಉಳಿದಿರುವುದು ಯಾವುದು?

ಪ್ರಶ್ನೆ: ನನ್ನ ತಂದೆಯವರು 1987ರ ಬೇಸಿಗೆಯಲ್ಲಿ ಕಚೇರಿಯ ತರಬೇತಿಗೆಂದು ಲಾಸ್ ಏಂಜಲೀಸ್‌ಗೆ ಬಂದಿದ್ದಾಗ ಒಂದು ಭಾನುವಾರ ಡಿಸ್ನಿಲ್ಯಾಂಡ್ ನೋಡಿದ್ದರು. ಈಗ 71ರ ವಯಸ್ಸಿನಲ್ಲಿ ತಾಯಿಯವರೊಡನೆ ಮೈಸೂರಿನಿಂದ ನಮ್ಮಲ್ಲಿಗೆ ಬರುತ್ತಿದ್ದಾರೆ. ತಲೆಯ ಮೇಲೆ ಹಾದುಹೋಗುತ್ತಿದ್ದ ರೋಪ್‌ವೇ, ಜಲಾಂತರ್ಗಾಮಿ, ಹಾಡುವ ಪ್ರಾಣಿಗಳ ರಂಗಮಂದಿರ, ಇವನ್ನೆಲ್ಲ ಆರು ವರ್ಷದ ಮೊಮ್ಮಗಳಿಗೆ ತೋರಿಸಬೇಕೆಂಬುದು ಅವರ ಆಸೆ. ಇವುಗಳಲ್ಲಿ ಯಾವುದು ಉಳಿದಿದೆ, ಒಂದೇ ದಿನದಲ್ಲಿ ಹೇಗೆ ನೋಡುವುದು ಎಂಬುದನ್ನು ಹೋಗಿಬಂದವರು ದಯವಿಟ್ಟು ತಿಳಿಸಿ.

ಸ್ಯಾನ್ ಹೋಸೆಯಿಂದ: ಅತ್ತೆ ಮಾವ, ನನ್ನ ತಂದೆ ತಾಯಿ, ಚಿಕ್ಕಪ್ಪನವರ ಸಂಸಾರ, ಹೀಗೆ ಹದಿನೈದು ವರ್ಷಗಳಲ್ಲಿ ಹಲವರನ್ನು ಅಲ್ಲಿಗೆ ಕರೆದೊಯ್ದ ಅನುಭವದಿಂದ ಬರೆಯುತ್ತಿದ್ದೇನೆ. ಮೊದಲು ಇಲ್ಲದಿರುವುದನ್ನು ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ತಂದೆಯವರಿಗೆ ಇದು ಊರಿನಲ್ಲಿರುವಾಗಲೇ ತಿಳಿದಿದ್ದರೆ ಒಳ್ಳೆಯದು. 1956ರಲ್ಲಿ ಆರಂಭವಾಗಿ ಮ್ಯಾಟರ್‌ಹಾರ್ನ್ ಎಂಬ ಕೃತಕ ಬೆಟ್ಟದ ಒಡಲನ್ನೇ ಹಾದುಹೋಗುತ್ತಿದ್ದ ರೋಪ್‌ವೇ 1994ರಲ್ಲಿ ನಿಂತಿತು. ಉದ್ಯಾನದ ಟುಮಾರೋಲ್ಯಾಂಡ್ ಎಂಬ ಭಾಗದ ಮೇಲೆ ನಿಧಾನವಾಗಿ ಸಾಗುತ್ತಿದ್ದ ಪೀಪಲ್‌ಮೂವರ್ ಎಂಬ ಪುಟ್ಟ ಬಂಡಿಗಳು 1967ರಿಂದ 1995ರವರೆಗೆ ಓಡಿದವು. ಅದೇ ದಾರಿಯಲ್ಲಿ 1998ರಲ್ಲಿ ರಾಕೆಟ್ ರಾಡ್ಸ್ ಎಂಬ ವೇಗದ ಬಂಡಿಗಳನ್ನು ಓಡಿಸಲು ಹೋಗಿ, ಎರಡೇ ವರ್ಷಗಳಲ್ಲಿ ಅದನ್ನೂ ಕೈಬಿಟ್ಟರು. ಆದರೆ ಆ ದಾರಿಯನ್ನು ಕೆಡವಿಲ್ಲ. ತಲೆಯೆತ್ತಿ ನೋಡಿದರೆ ಕಟ್ಟಡಗಳ ನಡುವೆ ಖಾಲಿ ಹಳಿಯ ಸೇತುವೆ ಇಂದಿಗೂ ಕಾಣುತ್ತದೆ, ಮತ್ತು ಹಿಂದೆ ಅದರಲ್ಲಿ ಕುಳಿತವರು ಅದನ್ನು ಕಂಡ ಕೂಡಲೇ ಗುರುತಿಸುತ್ತಾರೆ.

ಜಲಾಂತರ್ಗಾಮಿಯ ಕಥೆ ಬೇರೆ. 1959ರಲ್ಲಿ ಆರಂಭವಾದ ಆ ಸವಾರಿಯನ್ನು 1998ರಲ್ಲಿ ಮುಚ್ಚಿದ್ದರೂ, 2007ರಲ್ಲಿ ನೀಮೋ ಮೀನಿನ ಕಥೆಯನ್ನು ಸೇರಿಸಿ ಮತ್ತೆ ತೆರೆದರು. ದೋಣಿಗಳ ಹಳೆಯ ಒಡಲುಗಳನ್ನೇ ಉಳಿಸಿಕೊಂಡು, ಡೀಸೆಲ್‌ನಿಂದ ವಿದ್ಯುತ್ತಿಗೆ ಬದಲಾಯಿಸಿದ್ದಾರೆ. ಆದ್ದರಿಂದ ನಿಮ್ಮ ತಂದೆಯವರು 1987ರಲ್ಲಿ ಕುಳಿತ ದೋಣಿಯಲ್ಲೇ ಮೊಮ್ಮಗಳೊಡನೆ ಮತ್ತೊಮ್ಮೆ ಕುಳಿತುಕೊಳ್ಳುವ ಸಾಧ್ಯತೆ ನಿಜವಾಗಿಯೂ ಇದೆ. ಇಳಿಯುವ ಏಣಿ ಕಡಿದಾಗಿದ್ದು ಒಳಗೆ ಜಾಗ ಇಕ್ಕಟ್ಟಾಗಿದೆ. ಮಂಡಿನೋವಿದ್ದರೆ ಅಥವಾ ಮುಚ್ಚಿದ ಜಾಗದಲ್ಲಿ ಉಸಿರು ಕಟ್ಟಿದಂತಾಗುವುದಿದ್ದರೆ, ಅದೇ ದೃಶ್ಯಗಳನ್ನು ದಡದಲ್ಲೇ ಪರದೆಯ ಮೇಲೆ ತೋರಿಸುವ ಕೋಣೆಯೊಂದಿದೆ, ಅದನ್ನು ಕೇಳಿ ಪಡೆಯಬೇಕು.

ನನ್ನ ದೃಢವಾದ ಅಭಿಪ್ರಾಯವೆಂದರೆ, ಹಿರಿಯರ ದಿನವನ್ನು ಹೊಸ ಸವಾರಿಗಳ ಸುತ್ತ ಹೆಣೆಯಬಾರದು. ಅಲ್ಲಿನ ನಿಜವಾದ ಸಂಪತ್ತು ನಿಧಾನದ ಹಳೆಯ ಸವಾರಿಗಳೇ. 1955ರ ಜುಲೈ 17ರಂದು ಬಾಗಿಲು ತೆರೆದ ದಿನದ ಜಂಗಲ್ ಕ್ರೂಸ್ ದೋಣಿಯೂ, ಮಾರ್ಕ್ ಟ್ವೇನ್ ಹಬೆದೋಣಿಯೂ, ಉದ್ಯಾನವನ್ನು ಸುತ್ತುವ ಉಗಿಬಂಡಿಯೂ ಇನ್ನೂ ನಡೆಯುತ್ತಿವೆ. ಬೆಳಿಗ್ಗೆ ರೈಲಿನಲ್ಲಿ ಒಂದು ಪೂರ್ತಿ ಸುತ್ತು ಹಾಕಿಸಿ. ಟುಮಾರೋಲ್ಯಾಂಡ್ ನಿಲ್ದಾಣವನ್ನು ದಾಟಿದ ಮೇಲೆ ಸುರಂಗದೊಳಗೆ ಗ್ರ್ಯಾಂಡ್ ಕ್ಯಾನ್ಯನ್‌ನ ದೃಶ್ಯವೂ ಅದರ ಬೆನ್ನಿಗೇ ಡೈನೋಸಾರ್‌ಗಳೂ ಬರುತ್ತವೆ; ಆ ಡೈನೋಸಾರ್‌ಗಳು 1964ರ ನ್ಯೂಯಾರ್ಕ್ ವಿಶ್ವಮೇಳದ ಫೋರ್ಡ್ ಮಂಟಪದಿಂದ ಬಂದವು. ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ ಗೊಂಬೆಗಳ ದೋಣಿಯಾನವೂ ಅದೇ ಮೇಳದ್ದು, 1966ರಲ್ಲಿ ಇಲ್ಲಿಗೆ ಬಂತು. ನನ್ನ ಅತ್ತೆಯವರು ಭಾರತದ ಗೊಂಬೆಗಳನ್ನು ಕಂಡು ದಸರಾ ಗೊಂಬೆ ಕೂರಿಸಿದ ಹಾಗಿದೆ ಎಂದರು, ಮತ್ತು ಅಂದು ಎರಡು ಬಾರಿ ಅದರಲ್ಲಿ ಕುಳಿತರು. 1967ರ ಕಡಲ್ಗಳ್ಳರ ದೋಣಿಯಾನವನ್ನೂ ಬಿಡಬೇಡಿ. ಕತ್ತಲಲ್ಲಿ ದೋಣಿ ಎರಡು ಬಾರಿ ಕೆಳಗೆ ಜಾರುತ್ತದೆ, ಅಷ್ಟನ್ನು ತಾಯಿಯವರಿಗೆ ಮುಂಚೆಯೇ ಹೇಳಿಡಿ.

ಅರ್ವೈನ್‌ನಿಂದ: ನಾನು ಈ ಉದ್ಯಾನದ ಹತ್ತಿರವೇ ಬೆಳೆದವಳು. ಹಾಡುವ ಪ್ರಾಣಿಗಳ ಬಗ್ಗೆ ಮೇಲಿನವರು ಬರೆಯಲಿಲ್ಲವಾದ್ದರಿಂದ ನಾನು ಸೇರಿಸುತ್ತೇನೆ. ನಿಮ್ಮ ತಂದೆಯವರು ನೋಡಿದ್ದು ‘ಅಮೆರಿಕ ಸಿಂಗ್ಸ್’ ಆಗಿರಬೇಕು. ವೇದಿಕೆ ನಿಂತಲ್ಲೇ ಇದ್ದು ಪ್ರೇಕ್ಷಕರ ಆಸನಗಳೇ ಸುತ್ತುತ್ತಿದ್ದ ಆ ರಂಗಮಂದಿರದಲ್ಲಿ 1974ರಿಂದ 1988ರವರೆಗೆ ಯಂತ್ರದ ಪ್ರಾಣಿಗಳು ಹಾಡುತ್ತಿದ್ದವು. ಆಟ ಮುಗಿದ ಮೇಲೆ ಅವುಗಳಲ್ಲಿ ಬಹುಪಾಲನ್ನು 1989ರಲ್ಲಿ ತೆರೆದ ಸ್ಪ್ಲಾಶ್ ಮೌಂಟನ್ ಎಂಬ ನೀರಿನ ಸವಾರಿಗೆ ಸಾಗಿಸಿದರು. ಬಾಲ್ಯದಲ್ಲಿ ಆ ಕಪ್ಪೆ, ಕೊಕ್ಕರೆಗಳೆಲ್ಲ ಆ ಸವಾರಿಗೆಂದೇ ಹುಟ್ಟಿದವು ಎಂದು ನಾನು ನಂಬಿದ್ದೆ. ಸ್ಪ್ಲಾಶ್ ಮೌಂಟನ್ ಆಧರಿಸಿದ್ದ 1946ರ ಚಲನಚಿತ್ರವು ಕರಿಯರ ಬದುಕನ್ನು ಚಿತ್ರಿಸಿದ ರೀತಿಗೆ ದೀರ್ಘಕಾಲದ ಆಕ್ಷೇಪವಿತ್ತು; 2023ರ ಮೇ 31ರಿಂದ ಸವಾರಿ ಮುಚ್ಚಿಹೋಗಿ, 2024ರ ನವೆಂಬರ್ 15ರಂದು ಅದೇ ಕಾಲುವೆಯಲ್ಲಿ ನ್ಯೂ ಆರ್ಲಿಯನ್ಸ್‌ನ ಹುಡುಗಿ ಟಿಯಾನಾಳ ಕಥೆ ಆರಂಭವಾಯಿತು. ಹಳೆಯ ಪ್ರಾಣಿಗಳನ್ನು ಕಳೆದುಕೊಂಡದ್ದು ನನಗೆ ನೋವಿನ ಸಂಗತಿ. ಆದರೂ ಆ ಬದಲಾವಣೆ ಆಗಬೇಕಾದದ್ದೇ ಆಗಿತ್ತೆಂದು ಯೋಚಿಸಿಯೇ ಹೇಳುತ್ತಿದ್ದೇನೆ, ಮತ್ತು ಹೊಸ ಸವಾರಿಯ ಸಂಗೀತ ನನಗೆ ಬಹಳ ಹಿಡಿಸಿತು. ಸುತ್ತುವ ರಂಗಮಂದಿರದ ದುಂಡನೆಯ ಕಟ್ಟಡ ಟುಮಾರೋಲ್ಯಾಂಡ್‌ನಲ್ಲಿ ಇನ್ನೂ ನಿಂತಿದೆ. ಅದರ ಮುಂದೆ ಅಜ್ಜ ಮೊಮ್ಮಗಳ ಚಿತ್ರ ತೆಗೆಯಿರಿ.

ಸ್ಯಾನ್ ಡಿಯಾಗೋದಿಂದ: ವ್ಯವಸ್ಥೆಯ ಬಗ್ಗೆ ಕೆಲವು ಮಾತು. ಮಗಳ ಎತ್ತರವನ್ನು ಮನೆಯಲ್ಲೇ ಅಳೆದುಕೊಳ್ಳಿ. ಸ್ಪೇಸ್ ಮೌಂಟನ್, ಬಿಗ್ ಥಂಡರ್, ಟಿಯಾನಾ ಸವಾರಿಗಳಿಗೆ 40 ಅಂಗುಲ, ಮ್ಯಾಟರ್‌ಹಾರ್ನ್‌ಗೆ 42, ಇಂಡಿಯಾನಾ ಜೋನ್ಸ್‌ಗೆ 46 ಬೇಕು. ಸಾಲಿನಲ್ಲಿ ನಿಂತ ಮೇಲೆ ಹಿಂದೆ ಕಳುಹಿಸಿದರೆ ಮಗು ಅಳುತ್ತದೆ. ದೊಡ್ಡವರಲ್ಲಿ ಒಬ್ಬರು ಸವಾರಿ ಮಾಡುವಾಗ ಇನ್ನೊಬ್ಬರು ಮಗುವಿನೊಡನೆ ಹೊರಗಿದ್ದು, ನಂತರ ಮತ್ತೆ ಸಾಲಿನಲ್ಲಿ ನಿಲ್ಲದೆ ಅದಲು ಬದಲಾಗಲು ಅವಕಾಶವಿದೆ. ತಂದೆಯವರ ಕಾಲದಲ್ಲಿ ಒಂದೇ ಟಿಕೆಟ್‌ನಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಈಗ ಬೇಗ ಹೋಗುವ ಸಾಲಿಗೆ ಬೇರೆ ಹಣ ಕೊಡಬೇಕು. ನಿಧಾನದ ಸವಾರಿಗಳನ್ನೇ ಆರಿಸಿಕೊಂಡರೆ ಆ ಖರ್ಚಿನ ಅಗತ್ಯ ಕಡಿಮೆ. ಗಾಜಿನ ಡಬ್ಬಿ ಬಿಟ್ಟು ಮನೆಯ ಊಟ ಒಯ್ಯಬಹುದು; ನಾವು ಪುಳಿಯೋಗರೆ, ಚಪಾತಿ ಕಟ್ಟಿಕೊಂಡು ಹೋಗುತ್ತೇವೆ. ನನ್ನ ಮಾವನವರನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಒಂದೇ ಸಮನೆ ನಡೆಸಿದ ಕಾರಣ ಸಂಜೆಯ ಹೊತ್ತಿಗೆ ಅವರು ಪೂರ್ತಿ ಬಳಲಿದ್ದರು. ಅದು ನನ್ನ ತಪ್ಪು. ಪ್ರವೇಶದ್ವಾರದ ಬಳಿ ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ, ಸಂಕೋಚಪಡದೆ ಬೆಳಿಗ್ಗೆಯೇ ತೆಗೆದುಕೊಳ್ಳಿ. ಇನ್ನೊಂದು ಎಚ್ಚರಿಕೆ: ಫ್ಲಾರಿಡಾದ ಡಿಸ್ನಿ ಉದ್ಯಾನದ ಸುದ್ದಿಯನ್ನು ಇಲ್ಲಿಯದೆಂದು ತಿಳಿಯಬೇಡಿ. ಅಲ್ಲಿನ ಹಬೆದೋಣಿಯೂ ಅದರ ನದಿಯೂ 2025ರ ಜುಲೈನಲ್ಲಿ ಮುಚ್ಚಿದವು; ಅನಾಹೈಮ್‌ನ ನದಿಗೆ ಏನೂ ಆಗಿಲ್ಲ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಇವನ್ನೆಲ್ಲ ತಂದೆಯವರಿಗೆ ಓದಿ ಹೇಳಿದೆ. ಕರಡಿಗಳು ಹಾಡುತ್ತಿದ್ದ ಇನ್ನೊಂದು ಮನೆಯಲ್ಲಿ, ಗೋಡೆಗೆ ನೇತುಹಾಕಿದ್ದ ಪ್ರಾಣಿಗಳ ತಲೆಗಳೂ ಮಾತನಾಡುತ್ತಿದ್ದವು, ಅವು ಇವೆಯೇ ಎಂದು ಕೇಳುತ್ತಿದ್ದಾರೆ.

ಅರ್ವೈನ್‌ನಿಂದ: ಕರಡಿಗಳ ಆಟ 2001ರಲ್ಲಿ ನಿಂತು, ಆ ಜಾಗದಲ್ಲಿ 2003ರಿಂದ ವಿನ್ನಿ ದ ಪೂ ಎಂಬ ಪುಟ್ಟ ಮಕ್ಕಳ ಸವಾರಿಯಿದೆ. ಅದಕ್ಕೆ ಎತ್ತರದ ಮಿತಿಯಿಲ್ಲ, ಸಾಲೂ ಸಾಮಾನ್ಯವಾಗಿ ಚಿಕ್ಕದು. ಬಣ್ಣಬಣ್ಣದ ಆನೆಗಳು ಬರುವ ಕನಸಿನ ಕೋಣೆಯನ್ನು ದಾಟಿದ ಕೂಡಲೇ ತಂದೆಯವರು ಕತ್ತು ಹೊರಳಿಸಿ ಹಿಂದಕ್ಕೆ, ಮೇಲಕ್ಕೆ ನೋಡಲಿ. ಮುಂದೆ ನೋಡುತ್ತಾ ಕುಳಿತವರಿಗೆ ಕಾಣದಂತೆ, ಆ ಜಿಂಕೆ, ಕಾಡೆಮ್ಮೆ ಮತ್ತು ಮೂಸ್‌ಗಳ ತಲೆಗಳನ್ನು ಅಲ್ಲಿ ಗೋಡೆಯ ಮೇಲೆ ಹಾಗೆಯೇ ಉಳಿಸಿದ್ದಾರೆ. ಬಂಡಿ ಮುಂದೆ ಸಾಗುವ ಮುನ್ನ ಕೆಲವೇ ಕ್ಷಣ ಸಿಗುತ್ತದೆ. ಮೊಮ್ಮಗಳನ್ನು ಪಕ್ಕದಲ್ಲೇ ಕೂರಿಸಿಕೊಳ್ಳಲು ಹೇಳಿ.